ಗೋಡೆಯೊಳಗಿನ ಕಾವು



ದತ್ತಿ ಉಪನ್ಯಾಸವೆಂದರೆ ಸಾಹಿತ್ಯವೋ ಶಾಸನವೋ ದರ್ಶನವೋ ಆಗಿರಬೇಕೆಂಬುದು ನಮ್ಮಲ್ಲಿ ವಾಡಿಕೆ. ಮನೆಯ ವೈರಿಂಗ್ ಕುರಿತು ಮಾತಾಡುತ್ತೇನೆ ಎಂದಾಗ ಸಂಘಟಕರು ಫೋನಿನಲ್ಲಿ ಒಂದು ಗಳಿಗೆ ಸುಮ್ಮನಾದರು. ಆಮೇಲೆ, ‘ಸ್ಲೈಡ್ ಏನಾದ್ರೂ ತರ್ತೀರಾ ಸಾರ್?’ ಎಂದು ಕೇಳಿದರು. ತಂದಿಲ್ಲ. ವಿದ್ಯುತ್ ಪರಿವೀಕ್ಷಣೆಯ ಕೆಲಸದಲ್ಲಿ ತಲೆ ಹಣ್ಣಾದವನು ನಾನು. ತೋರಿಸಬೇಕಾದದ್ದೆಲ್ಲ ನಿಮ್ಮ ನಿಮ್ಮ ಮನೆಯ ಸ್ವಿಚ್ ಬೋರ್ಡಿನ ಹಿಂದೆಯೇ ಇದೆ.

ಎಲ್ಲಾದರೂ ಮನೆಗೆ ಬೆಂಕಿ ಬಿದ್ದರೆ ಮರುದಿನದ ಸುದ್ದಿಯ ಕೊನೆಯ ಸಾಲು ನಮಗೆಲ್ಲ ಬಾಯಿಪಾಠ: ಶಾರ್ಟ್ ಸರ್ಕ್ಯೂಟ್ ಕಾರಣವೆಂದು ಶಂಕಿಸಲಾಗಿದೆ. ಅಲ್ಲಿಗೆ ವಿಚಾರಣೆ ಮುಗಿಯಿತು. ಯಾವ ತಂತಿ, ಯಾವ ಜಾಯಿಂಟ್, ಅದನ್ನು ಹಾಕಿದವರು ಯಾರು, ಕೊನೆಯ ಸಲ ಬಿಚ್ಚಿ ನೋಡಿದವರು ಯಾರು ಎಂದು ಮುಂದಿನ ವಾರ ಯಾರೂ ಬರೆಯುವುದಿಲ್ಲ. ಸಿಡಿಲು ಬಡಿಯಿತು, ಹೊಳೆ ಉಕ್ಕಿತು ಎನ್ನುವ ಸಾಲಿಗೆ ಇದನ್ನೂ ಸೇರಿಸಿ ಕೈತೊಳೆದುಕೊಳ್ಳುತ್ತೇವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ಅಪಘಾತ ಸಾವುಗಳ ವರದಿಯಲ್ಲಿ ಬೆಂಕಿಯ ಕಾರಣಗಳ ಪೈಕಿ ಈ ಶಾರ್ಟ್ ಸರ್ಕ್ಯೂಟಿಗೇ ಒಂದು ಕಲಂ ಮೀಸಲು. ಬೆಂಕಿಯಿಂದ ಸತ್ತವರಲ್ಲಿ ದೊಡ್ಡ ಪಾಲು ಕಾರ್ಖಾನೆಗಳಲ್ಲಲ್ಲ, ವಾಸದ ಮನೆಗಳಲ್ಲೇ ಸತ್ತವರು ಎಂಬುದೂ ಅದೇ ವರದಿಗಳಿಂದ ತಿಳಿಯುತ್ತದೆ.

ನನ್ನ ವಾದ ಇಷ್ಟೇ. ಶಾರ್ಟ್ ಸರ್ಕ್ಯೂಟ್ ಆಗುವುದು ಹೆಚ್ಚಿನ ಸಲ ಕಥೆಯ ಕೊನೆಯಲ್ಲಿ. ಅದಕ್ಕೆ ಮುಂಚೆ ತಿಂಗಳುಗಟ್ಟಲೆ, ಕೆಲವು ಮನೆಗಳಲ್ಲಿ ವರ್ಷಗಟ್ಟಲೆ, ಒಂದು ಜಾಯಿಂಟಿನಲ್ಲೋ ಸಾಕೆಟ್ಟಿನಲ್ಲೋ ಕಾವು ಏರುತ್ತ ಬಂದಿರುತ್ತದೆ. ತಂತಿಯ ಮೇಲಿನ ಹೊದಿಕೆ ಮೆತ್ತಗಾಗಿ, ಗಟ್ಟಿಯಾಗಿ, ಸುಕ್ಕಾಗಿ, ಬಿರಿದು, ಕಡೆಗೊಂದು ದಿನ ಫೇಸೂ ನ್ಯೂಟ್ರಲ್ಲೂ ತಾಗುತ್ತವೆ. ಆ ಗಳಿಗೆಯಲ್ಲಿ ಒಳ್ಳೆಯ ಎಂಸಿಬಿ, ಎಂದರೆ ಕರೆಂಟ್ ಮಿತಿಮೀರಿದಾಗ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್, ಸೆಕೆಂಡಿನ ಸಣ್ಣ ಭಾಗದಲ್ಲಿ ಬೀಳುತ್ತದೆ. ಆದರೆ ಅಷ್ಟರೊಳಗೆ ಪಕ್ಕದ ಮರಕ್ಕೋ ಪರದೆಗೋ ಕಿಡಿ ಹತ್ತಿರುತ್ತದೆ. ಹೀಗೆ ಸುಟ್ಟ ಮನೆಗಳಲ್ಲಿ ಹೆಚ್ಚಿನವು ಮೊದಲೇ ಸುಳಿವು ಕೊಟ್ಟಿರುತ್ತವೆ. ಕೇಳುವವರು ಇರುವುದಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ನಮ್ಮವರಿಗೆ ಭಯವೇ ಇಲ್ಲ ಎನ್ನುವಂತಿಲ್ಲ. ಭಯ ಇದೆ, ಆದರೆ ಅದು ಶಾಕಿನ ಭಯ. ‘ಕರೆಂಟ್ ಹೊಡೀತದೆ, ಮುಟ್ಟಬೇಡ’ ಎಂದು ಮಗುವಿಗೆ ಹೇಳದ ತಾಯಿಯಿಲ್ಲ. ‘ಪ್ಲಗ್ ಬಿಸಿಯಾಗಿದೆ ನೋಡು’ ಎಂದು ಹೇಳುವ ತಾಯಿ ನನಗೆ ಅಪರೂಪಕ್ಕೆ ಸಿಕ್ಕಿದ್ದಾರೆ. ಆದರೆ ಲೋಕದಲ್ಲಿ ವಿದ್ಯುತ್ತಿಗೆ ಮೊದಲು ನಿಯಮ ಬರೆದವರು ಹೆದರಿದ್ದು ಬೆಂಕಿಗೆ. 1882ರಲ್ಲಿ ಲಂಡನ್ನಿನ ಟೆಲಿಗ್ರಾಫ್ ಎಂಜಿನಿಯರುಗಳ ಸಂಘ ಒಂದು ಪುಟ್ಟ ನಿಯಮಾವಳಿ ಹೊರತಂದಿತು. ಅದರ ವಿಷಯವೇ ವಿದ್ಯುದ್ದೀಪಗಳಿಂದ ಒದಗುವ ಬೆಂಕಿಯ ಅಪಾಯವನ್ನು ತಡೆಯುವುದು. ಇವತ್ತಿನ ಬ್ರಿಟಿಷ್ ವೈರಿಂಗ್ ನಿಯಮಗಳ ಮೊದಲ ಆವೃತ್ತಿ ಅದು. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ 1897ರಲ್ಲಿ ಬಂತು. ಅದನ್ನು ಈಗಲೂ ಪ್ರಕಟಿಸುತ್ತಿರುವುದು ಅಗ್ನಿ ರಕ್ಷಣೆಗೆಂದೇ ಹುಟ್ಟಿದ ಸಂಸ್ಥೆ. ವಿಮೆ ಕಂಪನಿಗಳು ಕೈಸುಟ್ಟುಕೊಂಡ ಮೇಲೆ ಬಂದ ಬುದ್ಧಿ ಅದು. ಇರಲಿ, ಬಂತಲ್ಲ.

ಅದೇ 1897ರಲ್ಲಿ ಮೈಸೂರಿನಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋಯಿತು. ರಾಜಕುಮಾರಿಯ ಮದುವೆಯ ಕಾಲ. ಆಗ ಈ ಊರಿಗೆ ವಿದ್ಯುತ್ ಇನ್ನೂ ಬಂದಿರಲಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿ ಬೆಳಗಿತು, 1908ರಲ್ಲಿ ಮೈಸೂರಿಗೆ ಬಂತು. ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣದ ಹೊಸ ಅರಮನೆ 1912ರ ಹೊತ್ತಿಗೆ ಸಿದ್ಧವಾಯಿತು. ಎಣ್ಣೆ ದೀಪ, ಸೀಮೆಎಣ್ಣೆ ಬುಡ್ಡಿ, ಗ್ಯಾಸ್‌ಲೈಟುಗಳ ಜೊತೆ ಬಾಳಿದ ಜನಕ್ಕೆ ಬಲ್ಬು ಉರಿಯಿಲ್ಲದ ಬೆಳಕಾಗಿ ಕಂಡಿತು. ಗುಡಿಸಲಿಗೆ ಭಾಗ್ಯಜ್ಯೋತಿ ಯೋಜನೆಯ ಒಂದು ಬಲ್ಬು ಬಂದಾಗ ಅಜ್ಜಿಯರು ನಿಟ್ಟುಸಿರು ಬಿಟ್ಟದ್ದೂ ಅದಕ್ಕೇ. ಬುಡ್ಡಿ ಉರುಳಿ ಬೆಂಕಿ ಹತ್ತುವ ಭಯ ತಪ್ಪಿತಲ್ಲ ಎಂದು. ಆ ನಂಬಿಕೆ ಇವತ್ತಿಗೂ ನಮ್ಮ ರಕ್ತದಲ್ಲಿ ಉಳಿದಿದೆ. ಜ್ವಾಲೆ ಕಾಣದ ಕಡೆ ಬೆಂಕಿಯಿಲ್ಲ ಎಂದುಕೊಂಡಿದ್ದೇವೆ.

ಈಗ ಸ್ವಲ್ಪ ಲೆಕ್ಕ. ಗಣಿತ ಬೇಡ ಎನ್ನುವವರು ಎರಡು ನಿಮಿಷ ತಾಳ್ಮೆಯಿಂದಿರಿ, ಈ ಉಪನ್ಯಾಸದ ತಿರುಳೇ ಇದು.

ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ನಮ್ಮ ಮನೆಗಳ ತಂತಿಯ ಮೇಲಿರುವ ಸಾಮಾನ್ಯ ಪಿವಿಸಿ ಹೊದಿಕೆ ಸದಾಕಾಲ ತಾಳಿಕೊಳ್ಳಬಲ್ಲ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಸುಮಾರು ಹತ್ತು ಡಿಗ್ರಿ ಹೆಚ್ಚಾದಾಗಲೆಲ್ಲ ಹೊದಿಕೆಯ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕಾಚಾರ. ಒಂದೇ ದಿನ ಸುಡದ ತಂತಿ ದಿನಾ ಸ್ವಲ್ಪ ಸ್ವಲ್ಪ ಬೇಯುತ್ತದೆ.

ಇದು ತಂತಿಯ ಮಾತಾಯಿತು. ನಿಜವಾದ ಕಳ್ಳ ಕೂತಿರುವುದು ಜಾಯಿಂಟಿನಲ್ಲಿ. ನಿಮ್ಮ ಬಚ್ಚಲಿನ 2 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ 8.7 ಆಂಪಿಯರ್ ಎಳೆಯುತ್ತದೆ. ಅದರ ಸಾಕೆಟ್ಟಿನ ಹಿಂದೆ ಒಂದು ಸ್ಕ್ರೂ ಸಡಿಲವಾಗಿ, ತಾಮ್ರ ಕಪ್ಪಾಗಿ, ಅಲ್ಲಿ ಒಂದೇ ಒಂದು ಓಮ್ ರೋಧ ಹುಟ್ಟಿತು ಎನ್ನಿ. ಆ ಒಂದು ಓಮಿನಲ್ಲಿ ಸುಮಾರು 70 ವ್ಯಾಟ್ ಬಿಸಿ ಹುಟ್ಟುತ್ತದೆ. ಹಳೆಯ 60 ವ್ಯಾಟ್ ಬಲ್ಬನ್ನು ಉರಿಯುತ್ತಿರುವಾಗ ಮುಟ್ಟಿ ಕೈಸುಟ್ಟುಕೊಂಡವರು ಈ ಸಭೆಯಲ್ಲಿ ತುಂಬ ಜನ ಇದ್ದೀರಿ. ಅದಕ್ಕಿಂತ ಹೆಚ್ಚಿನ ಕಾವು ಬೆಂಕಿಪೆಟ್ಟಿಗೆಯಷ್ಟು ಜಾಗದಲ್ಲಿ, ಗಾಳಿಯಾಡದ ಗೋಡೆಯ ಪೆಟ್ಟಿಗೆಯೊಳಗೆ, ದಿನಾ ಬೆಳಿಗ್ಗೆ ನೀರು ಕಾಯುವಷ್ಟು ಹೊತ್ತು. ನೀರು ಕಾದ ಮೇಲೆ ಗೀಸರ್ ಆರುತ್ತದೆ, ಲೋಹ ತಣಿದು ಕುಗ್ಗುತ್ತದೆ, ಸ್ಕ್ರೂ ಇನ್ನೊಂದು ಕೂದಲೆಳೆಯಷ್ಟು ಸಡಿಲಗೊಳ್ಳುತ್ತದೆ. ನಾಳೆ ರೋಧ ಇನ್ನೂ ಹೆಚ್ಚು, ಕಾವೂ ಹೆಚ್ಚು.

ಎಂಸಿಬಿ ಏನು ಮಾಡುತ್ತಿದೆ ಎಂದು ಕೇಳುತ್ತೀರಿ. ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸಿ. ಒಂದು ಓಮ್ ರೋಧ ದಾರಿಯಲ್ಲಿ ಸೇರಿದ್ದರಿಂದ ಒಟ್ಟು ಕರೆಂಟ್ 8.7ರಿಂದ 8.4ಕ್ಕೆ ಇಳಿದಿದೆ! ಎಂಸಿಬಿಯ ಕಣ್ಣಿಗೆ ಎಲ್ಲವೂ ಮೊದಲಿಗಿಂತ ಸುರಕ್ಷಿತ. ಅದು ಅಳೆಯುವುದು ಕರೆಂಟನ್ನು. ಎಲ್ಲೋ ಒಂದು ಮೂಲೆಯಲ್ಲಿ ಏರಿದ ಕಾವು ಅದಕ್ಕೆ ಗೊತ್ತಾಗಲು ದಾರಿಯಿಲ್ಲ. ಓವರ್‌ಲೋಡಿನ ವಿಷಯದಲ್ಲೂ ಅದು ನೀವು ತಿಳಿದಷ್ಟು ಚುರುಕಲ್ಲ. 16 ಆಂಪಿಯರಿನ ಎಂಸಿಬಿ 18 ಆಂಪಿಯರ್ ಹರಿದರೆ ಒಂದು ಗಂಟೆಯ ಕಾಲ ಬೀಳಬಾರದು, 23ರ ಆಸುಪಾಸಿನಲ್ಲಿ ಹರಿದರೆ ಒಂದು ಗಂಟೆಯೊಳಗೆ ಬೀಳಬೇಕು. ಮಾನಕ ಹೇಳುವುದು ಹೀಗೆ. ಬಿದ್ದಿಲ್ಲ ಎಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದರ್ಥವಲ್ಲ. ಸಡಿಲ ಜಾಯಿಂಟಿನಲ್ಲಿ ಏಳುವ ಕಿಡಿಯನ್ನು ಗುರುತಿಸಿ ಕತ್ತರಿಸುವ ಸಾಧನಗಳೂ ಇವೆ. ಅಮೆರಿಕದಲ್ಲಿ ಮಲಗುವ ಕೋಣೆಗಳಿಗೆ ಅದು ಬೇಕೆಂದು 1999ರ ಸಂಹಿತೆಯಲ್ಲೇ ಬರೆದರು. ನಮ್ಮ ಅಂಗಡಿಗಳಲ್ಲಿ ಅದನ್ನು ಕೇಳಿದರೆ ಅಂಗಡಿಯವರು ನಿಮ್ಮ ಮುಖ ನೋಡುತ್ತಾರೆ. ಸಿಕ್ಕರೂ ಬೆಲೆ ಕೇಳಿ ನೀವು ಅವರ ಮುಖ ನೋಡುತ್ತೀರಿ.

ಹಾಗಾದರೆ ಈ ಕಾವನ್ನು ಹಿಡಿಯುವ ಉಪಕರಣ ಯಾವುದು? ನಿಮ್ಮ ಕಣ್ಣು, ಕಿವಿ, ಮೂಗು, ಅಂಗೈ. ಸಾಕೆಟ್ಟಿನ ಸುತ್ತ ಬಿಳಿ ಪ್ಲಾಸ್ಟಿಕ್ ಹಳದಿಗೋ ಕಂದಿಗೋ ತಿರುಗಿದೆಯೇ? ಪ್ಲಗ್ಗಿನ ಪಿನ್ನು ಕಪ್ಪಾಗಿದೆಯೇ? ಮಿಕ್ಸಿ ಹಾಕಿದಾಗ ದೀಪ ಮಿಣುಕುತ್ತದೆಯೇ? ಸ್ವಿಚ್ಚಿನಿಂದ ಎಣ್ಣೆಗೆ ಸಾಸಿವೆ ಬಿದ್ದಂಥ ಚಟಪಟ ಕೇಳುತ್ತಿದೆಯೇ? ಬೇಕಲೈಟ್ ಮತ್ತು ಅದರ ಜಾತಿಯ ಪ್ಲಾಸ್ಟಿಕ್ಕುಗಳು ಅತಿಯಾಗಿ ಕಾದಾಗ ಮೀನಿನ ವಾಸನೆ ಬರುತ್ತದೆ. ಸಸ್ಯಾಹಾರಿಗಳ ಮನೆಯಲ್ಲಿ ಇದು ಉತ್ತಮ ಎಚ್ಚರಿಕೆ ಗಂಟೆ. ಕರಾವಳಿಯಲ್ಲಿ ಅಷ್ಟು ಭರವಸೆ ಕೊಡಲಾರೆ. ಗೀಸರ್ ಅರ್ಧ ಗಂಟೆ ಓಡಿದ ಮೇಲೆ ಸ್ವಿಚ್ ಆರಿಸಿ, ಪ್ಲಗ್ಗಿನ ಹೊರಮೈಯನ್ನು ಒಣ ಅಂಗೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಅವತ್ತೇ ವೈರ್‌ಮನ್ನನ್ನು ಕರೆಯಿರಿ, ಅವನು ಬರುವವರೆಗೆ ನೀರನ್ನು ಒಲೆಯ ಮೇಲೆ ಕಾಯಿಸಿಕೊಳ್ಳಿ.

ಇನ್ನೊಂದು ಮುಖ್ಯ ಸಂಗತಿ, ಮನೆಯ ಲೋಡ್. ನಲವತ್ತು ವರ್ಷದ ಹಿಂದೆ ಕಟ್ಟಿದ ಮನೆಯಲ್ಲಿ ಏನಿತ್ತು? ಕೋಣೆಗೊಂದು ಬಲ್ಬು, ನಡುಮನೆಗೆ ಟ್ಯೂಬ್‌ಲೈಟು, ಒಂದೆರಡು ಫ್ಯಾನು, ರೇಡಿಯೋ, ಇಸ್ತ್ರಿಪೆಟ್ಟಿಗೆ. ವೈರ್‌ಮನ್ನುಗಳು ಈಗಲೂ ಹಳೆಯ ಗೇಜಿನ ಲೆಕ್ಕದಲ್ಲಿ ‘ಒನ್ ಬೈ ಏಟೀನ್’, ‘ತ್ರೀ ಬೈ ಟ್ವೆಂಟಿಟೂ’ ಎನ್ನುವ ತಂತಿ ಅದು, ಹೆಚ್ಚುಕಡಿಮೆ 1.2 ಚದರ ಮಿಲಿಮೀಟರ್ ದಪ್ಪ. ಅಂದಿನ ಲೋಡಿಗೆ ಅದು ಧಾರಾಳವಾಗಿತ್ತು. ಈಗ ಅದೇ ಗೋಡೆಯೊಳಗಿನ ಅದೇ ತಂತಿಗೆ ಫ್ರಿಜ್ಜು, ವಾಷಿಂಗ್ ಮಷೀನು, ಮೈಕ್ರೋವೇವು, 2 ಕಿಲೋವ್ಯಾಟಿನ ಇಂಡಕ್ಷನ್ ಒಲೆ. 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ಒಂದೇ 13 ಆಂಪಿಯರ್ ತಿನ್ನುತ್ತದೆ. ಇದಕ್ಕೆಲ್ಲ ಬೇರೆ ಬೇರೆ ಸರ್ಕ್ಯೂಟ್ ಬೇಕು, ಗೀಸರಿಗೂ ಎಸಿಗೂ 4 ಚದರ ಮಿಲಿಮೀಟರಿನ ತಂತಿ ಮೀಟರ್ ಬೋರ್ಡಿನಿಂದ ನೇರವಾಗಿ ಬರಬೇಕು. ನಾವು ಮಾಡುವುದೇನು? ಆರು ಆಂಪಿಯರಿನ ಸಾಕೆಟ್ಟಿಗೆ ಹದಿನಾರರ ಪ್ಲಗ್ ಸಿಕ್ಕಿಸುವ ಕನ್ವರ್ಟರನ್ನು ರಸ್ತೆಬದಿಯಲ್ಲಿ ಕೊಂಡು ತರುತ್ತೇವೆ.

ನಿಮ್ಮ ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ಅಚ್ಚಾಗಿರುತ್ತದೆ. ಮನೆಗೆ ಹೋಗಿ ನೋಡಿ. ಅಲ್ಲಿ 2 ಕಿಲೋವ್ಯಾಟ್ ಎಂದಿದ್ದರೆ ಒಂದು ಗೀಸರಿಗೇ ಲೆಕ್ಕ ಮುಗಿಯಿತು. ಲೋಡ್ ಹೆಚ್ಚಿಸಿಕೊಳ್ಳಿ ಎಂದರೆ ನಿಗದಿತ ಶುಲ್ಕ ಏರುತ್ತದೆಂದು ಜನ ಹಿಂಜರಿಯುತ್ತಾರೆ. ತಿಂಗಳಿಗೆ ಒಂದಿಷ್ಟು ರೂಪಾಯಿ ಉಳಿಸಲು ಹೋಗಿ, ಮನೆಯ ನಿಜವಾದ ಲೋಡ್ ಎಷ್ಟೆಂಬುದು ಕಾಗದದ ಮೇಲೆ ಎಲ್ಲೂ ದಾಖಲಾಗುವುದಿಲ್ಲ. 2023ರಿಂದ ಗೃಹಜ್ಯೋತಿ ಯೋಜನೆಯಲ್ಲಿ ಸೊನ್ನೆ ಬಿಲ್ ಬರುವ ಮನೆಗಳವರು ಮೀಟರಿನ ಕಡೆ ತಲೆ ಎತ್ತಿ ನೋಡುವುದನ್ನೇ ಬಿಟ್ಟಿದ್ದಾರೆ. ಎಲ್ಲ ಸ್ವಿಚ್ಚು, ಎಲ್ಲ ಪ್ಲಗ್ಗು ತೆಗೆದ ಮೇಲೂ ಮೀಟರಿನ ಕೆಂಪು ದೀಪ ಮಿಟುಕುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಬಿಲ್ಲು ದುಡ್ಡಿನದಾಗಿದ್ದ ಕಾಲದಲ್ಲಿ ಈ ಪರೀಕ್ಷೆಯನ್ನು ನಮ್ಮ ಅಜ್ಜಂದಿರು ಚಕ್ರ ತಿರುಗುವ ಮೀಟರಿನಲ್ಲೇ ಮಾಡುತ್ತಿದ್ದರು.

ಲೋಡ್ ಹೆಚ್ಚಿ ಎಂಸಿಬಿ ಪದೇ ಪದೇ ಬೀಳತೊಡಗಿದಾಗ ಬರುವ ಪರಿಹಾರವೇ ಎಲ್ಲಕ್ಕಿಂತ ಅಪಾಯಕಾರಿ. ‘ಎಂಸಿಬಿ ವೀಕ್ ಆಗಿದೆ ಸಾರ್, ಮೂವತ್ತೆರಡು ಹಾಕಿಬಿಡ್ತೀನಿ’ ಎನ್ನುತ್ತಾನೆ ಬಂದ ಹುಡುಗ. ಹಾಕುತ್ತಾನೆ. ಆಮೇಲೆ ಬೀಳುವುದಿಲ್ಲ, ಮನೆಯವರಿಗೂ ಸಮಾಧಾನ. ಗೋಡೆಯೊಳಗಿರುವುದು ಮಾತ್ರ ಅದೇ ಸಣ್ಣ ತಂತಿ. ಎಂಸಿಬಿಯ ಮೊದಲ ಕೆಲಸ ತಂತಿಯನ್ನು ಕಾಯುವುದು. ಹದಿನಾರನ್ನಷ್ಟೇ ತಾಳುವ ತಂತಿಗೆ ಮೂವತ್ತೆರಡರ ಕಾವಲು ಕೂರಿಸಿದರೆ ಮೊದಲು ಸುಡುವುದು ತಂತಿಯೇ. ಹಿಂದೆ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸಿಗೆ ತಾಮ್ರದ ಎರಡೆಳೆ ಸುತ್ತಿ ‘ಫ್ಯೂಸ್ ಕಟ್ಟಿದೆ’ ಎನ್ನುತ್ತಿದ್ದವರ ವಂಶ ಅಳಿದಿಲ್ಲ, ಕೈಯಲ್ಲಿರುವ ಸಾಮಾನು ಬದಲಾಗಿದೆ ಅಷ್ಟೆ.

ಇನ್ವರ್ಟರ್ ಬಗ್ಗೆಯೂ ಒಂದು ಮಾತು. ಲೋಡ್‌ಶೆಡ್ಡಿಂಗಿನ ಕಾಲದಿಂದ ನಮ್ಮ ಮನೆಗಳಲ್ಲಿ ಅದು ಕುಲದೇವರಂತೆ ಮೂಲೆಯಲ್ಲಿ ಕೂತಿದೆ. ‘ಹನ್ನೆರಡು ವೋಲ್ಟ್ ತಾನೆ, ಅದೇನು ಮಾಡುತ್ತದೆ’ ಎನ್ನುತ್ತಾರೆ. ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ 800 ವ್ಯಾಟ್ ಲೋಡಿಗೆ 12 ವೋಲ್ಟಿನ ಬ್ಯಾಟರಿಯಿಂದ 66 ಆಂಪಿಯರಿಗೂ ಹೆಚ್ಚು ಹರಿಯಬೇಕು. ಆ ದಪ್ಪ ತಂತಿಯ ತುದಿಯಲ್ಲಿ ಬಿಳಿ ಹುಡಿ ಕಟ್ಟಿ ಬೋಲ್ಟ್ ಸಡಿಲವಾಗಿದ್ದರೆ ಕಾವು ಎಷ್ಟೆಂಬುದನ್ನು ಈಗ ನೀವೇ ವರ್ಗ ಮಾಡಿ ನೋಡಬಹುದು. ಇಡೀ ರಾತ್ರಿ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಚಾರ್ಜಿಗೆ ಹಾಕುವ ವಿದ್ಯುತ್ ಸ್ಕೂಟರಿಗೂ ಇದೇ ಮಾತು ಸಲ್ಲುತ್ತದೆ. ಇಸ್ತ್ರಿಪೆಟ್ಟಿಗೆ ಹತ್ತು ನಿಮಿಷದಲ್ಲಿ ಆರುತ್ತದೆ, ಚಾರ್ಜರ್ ಮನೆಯವರೆಲ್ಲ ಮಲಗಿರುವಾಗ ಗಂಟೆಗಟ್ಟಲೆ ಎಳೆಯುತ್ತದೆ.

ಊರೂರಿಗೆ ಸಮಸ್ಯೆಯ ಬಣ್ಣ ಬೇರೆ. ಸೇವೆಯಲ್ಲಿದ್ದಾಗ ನನ್ನನ್ನು ಹೆಚ್ಚು ಕಾಡಿದ್ದು ಮಲೆನಾಡಿನ ಹಳೆಯ ಮನೆಗಳು. ಮರದ ಕಂಬ, ಮರದ ತೊಲೆ, ಮರದ ಮುಚ್ಚಿಗೆ. ಅದರ ಮೇಲೆ ಅಟ್ಟ. ಅಟ್ಟದಲ್ಲಿ ಅಡಿಕೆ ಗೋಣಿ, ಹಾಳೆ, ಹಳೆಯ ಪಂಚಾಂಗ, ಮುರಿದ ತೊಟ್ಟಿಲು. ತೊಲೆಗುಂಟ ಮರದ ಬ್ಯಾಟನ್ ಪಟ್ಟಿ ಹೊಡೆದು ತಗಡಿನ ಕ್ಲಿಪ್ಪಿನಲ್ಲಿ ಕೂರಿಸಿದ ವೈರಿಂಗ್. ಆ ಕಾಲದ ಕೆಲಸ ಎಷ್ಟು ನೀಟೆಂದರೆ ಈಗಿನವರು ನೋಡಿ ಕಲಿಯಬೇಕು. ಆದರೆ ರಬ್ಬರಿನ ಹೊದಿಕೆ ಎಂದೋ ಒಣಗಿ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಅನೇಕ ಕಡೆ ಒಳಗಿರುವುದು ಅಲ್ಯೂಮಿನಿಯಂ. ಅಲ್ಯೂಮಿನಿಯಂ ಸ್ಕ್ರೂವಿನ ಒತ್ತಡಕ್ಕೆ ಕಾಲಕ್ರಮೇಣ ಜಾರಿ ತೆಳುವಾಗುತ್ತದೆ, ಮೈಮೇಲೆ ಕರೆಂಟ್ ಹರಿಯಗೊಡದ ಆಕ್ಸೈಡ್ ಪೊರೆ ಕಟ್ಟುತ್ತದೆ. 1972ಕ್ಕೆ ಮುಂಚೆ ಅಲ್ಯೂಮಿನಿಯಂ ತಂತಿ ಹಾಕಿದ ಅಮೆರಿಕದ ಮನೆಗಳಲ್ಲಿ ಜಾಯಿಂಟುಗಳು ಬೆಂಕಿಯ ಅಪಾಯದ ಮಟ್ಟ ಮುಟ್ಟುವ ಸಂಭವ ತಾಮ್ರದ ಮನೆಗಳಿಗಿಂತ 55 ಪಟ್ಟು ಹೆಚ್ಚೆಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಹೇಳಿದೆ. ನಮ್ಮಲ್ಲಿ ಈ ಅಲ್ಯೂಮಿನಿಯಮ್ಮಿಗೆ ಮಗನ ಕಾಲದ ತಾಮ್ರವನ್ನು ತಿರುಚಿ, ಟೇಪು ಸುತ್ತಿ, ಅಟ್ಟದ ಕತ್ತಲಿಗೆ ಬಿಟ್ಟಿರುತ್ತಾರೆ. ಅಲ್ಲಿಗೆ ಇಲಿ ಬರುತ್ತದೆ. ಮಳೆಗಾಲದ ಥಂಡಿಯೂ ಬರುತ್ತದೆ. ಹೆಂಚು ಸರಿಸಿ ನೋಡುವವರು ಮಾತ್ರ ಬರುವುದಿಲ್ಲ.

ಕರಾವಳಿಯಲ್ಲಿ ಉಪ್ಪುಗಾಳಿಗೆ ಹಿತ್ತಾಳೆಯ ಟರ್ಮಿನಲ್ಲುಗಳು ಹಸಿರುಗಟ್ಟುತ್ತವೆ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ತಾರಸಿಯೊಳಗಿನ ಪೈಪು ಹಗಲಿಡೀ ಕಾದಿರುತ್ತದೆ. ಆ 70 ಡಿಗ್ರಿಯ ಮಿತಿಗೆ ಅಲ್ಲಿ ಉಳಿಯುವ ಅಂತರವೇ ಕಡಿಮೆ, ಅದೇ ಹೊತ್ತಿಗೆ ಕೂಲರು, ಎಸಿ ಎಲ್ಲ ಒಟ್ಟಿಗೆ ಓಡುತ್ತಿರುತ್ತವೆ. ಮೈಸೂರು, ಬೆಂಗಳೂರುಗಳ ಹೊಸ ಮನೆಗಳ ಕಾಯಿಲೆ ಫಾಲ್ಸ್ ಸೀಲಿಂಗ್. ಕೆಳಗಿನಿಂದ ನೋಡಿದರೆ ಅರಮನೆ, ಮೇಲೆ ಪೆಟ್ಟಿಗೆಯಿಲ್ಲದೆ ತೂಗುವ ಬೆತ್ತಲೆ ಜಾಯಿಂಟುಗಳು.

ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆ. ಪಿವಿಸಿ ಉರಿದಾಗ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ಅದು ಕಣ್ಣು, ಗಂಟಲನ್ನು ಸುಟ್ಟು ದಾರಿ ಕಾಣದಂತೆ ಮಾಡುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ಅದು ಕಚೇರಿಗಳ ಕಟ್ಟಡ, ಮನೆಯಲ್ಲ. ಆದರೆ ಹೊಗೆ ತುಂಬಿದ ಮಹಡಿಗಳಿಂದ ಜನ ಕಿಟಕಿ ಒಡೆದು ಹಾರಿದ್ದನ್ನು ನೋಡಿದವರಾರೂ ಮರೆಯಲಾರರು. ಹಾಗಾಗಿ ತಂತಿ ಕೊಳ್ಳುವಾಗ ಐಎಸ್ಐ ಗುರುತಿನ ಜೊತೆಗೆ ಕಡಿಮೆ ಹೊಗೆಯ, ಹ್ಯಾಲೊಜನ್ ಇಲ್ಲದ ಬಗೆಯನ್ನು ಕೇಳಿ, ಬೆಲೆ ತುಸು ಹೆಚ್ಚಾದರೂ ಚಿಂತೆಯಿಲ್ಲ. ನಕಲಿ ತಂತಿಯನ್ನು ಹಿಡಿಯಲು ಒಂದು ಸುಲಭ ಉಪಾಯವಿದೆ. 2.5 ಚದರ ಮಿಲಿಮೀಟರಿನ 90 ಮೀಟರ್ ಸುರುಳಿಯಲ್ಲಿ ತಾಮ್ರವೇ ಸುಮಾರು 2 ಕಿಲೋ ಇರಬೇಕು, ಹೊದಿಕೆಯ ತೂಕ ಬೇರೆ. ಇಡೀ ಸುರುಳಿ ಒಂದೂವರೆ ಕಿಲೋ ತೂಗಿದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಆರ್‌ಸಿಸಿಬಿ ಎಂಬ ಸಾಧನವನ್ನು ಶಾಕ್ ತಪ್ಪಿಸುವ ಯಂತ್ರವೆಂದಷ್ಟೇ ಜನ ತಿಳಿದಿದ್ದಾರೆ. ಹೋದ ಕರೆಂಟೂ ಮರಳಿದ ಕರೆಂಟೂ ಸಮವಾಗಿವೆಯೇ ಎಂದು ಅದು ತೂಗುತ್ತಿರುತ್ತದೆ. ನಡುವೆ ಭೂಮಿಗೆ ಸೋರಿದರೆ ಕತ್ತರಿಸುತ್ತದೆ. 300 ಮಿಲಿ ಆಂಪಿಯರ್ ಸೋರಿಕೆ ಎಂದರೆ 230 ವೋಲ್ಟಿನಲ್ಲಿ 69 ವ್ಯಾಟ್. ಒದ್ದೆ ಗೋಡೆಯ ಮೇಲೆ, ಇಲಿ ಕಚ್ಚಿದ ತಂತಿಯ ಮೇಲೆ ಬೆಂಕಿ ಹುಟ್ಟಿಸಲು ಅಷ್ಟು ಸಾಕು. ಮನೆಗಳಿಗೆ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರಿಗೇ ಬೀಳುತ್ತದೆ, ಹಾಗಾಗಿ ಅದು ಬೆಂಕಿಯ ಕಾವಲೂ ಹೌದು. ಆದರೆ ಅರ್ತಿಂಗ್ ಇಲ್ಲದ ಮನೆಯಲ್ಲಿ ಸೋರಿಕೆಗೆ ಸರಿಯಾದ ದಾರಿಯಿಲ್ಲ, ಆರ್‌ಸಿಸಿಬಿ ಪೂರ್ತಿ ಕೆಲಸ ಮಾಡಲಾರದು. ಸಡಿಲ ಜಾಯಿಂಟನ್ನೂ ಅದು ನೋಡಲಾರದು. ಮುಂಗಾರಿನಲ್ಲಿ ಪದೇ ಪದೇ ಬೀಳುತ್ತದೆಂದು ಅದನ್ನು ಬೈಪಾಸ್ ಮಾಡಿಸಿಕೊಂಡ ಮನೆಗಳನ್ನು ನಾನು ಬಹಳ ಕಂಡಿದ್ದೇನೆ. ಮನೆಯ ತಂತಿಯಲ್ಲಿ ದೋಷವಿದೆ ಎಂದು ಅದು ಬಾಯಿಬಿಟ್ಟು ಹೇಳುತ್ತಿತ್ತು, ಅದರ ಬಾಯಿ ಮುಚ್ಚಿಸಿದರು.

ನಿಯಮಗಳೇ ಇಲ್ಲವೇ? ಇವೆ. 1956ರ ಭಾರತೀಯ ವಿದ್ಯುತ್ ನಿಯಮಗಳ 46ನೆಯ ನಿಯಮವೇ ಗ್ರಾಹಕರ ವೈರಿಂಗನ್ನು ಐದು ವರ್ಷಕ್ಕೆ ಮೀರದ ಅವಧಿಯಲ್ಲಿ ಮತ್ತೆ ಮತ್ತೆ ಪರೀಕ್ಷಿಸಬೇಕೆಂದು ಹೇಳಿತ್ತು. ನಾನೂ ಆ ನಿಯಮವನ್ನು ಓದಿಯೇ ಪರೀಕ್ಷೆ ಪಾಸಾದವನು. ಆದರೆ ಮನೆ ಮನೆಗೆ ಹೋಗಿ ನೋಡುವಷ್ಟು ಕೈಗಳು ಯಾವ ಕಾಲದಲ್ಲೂ ಇರಲಿಲ್ಲ. ಹೊಸ ಮನೆಗೆ ಮೀಟರ್ ಕೊಡುವಾಗ ಗುತ್ತಿಗೆದಾರರ ವರದಿಯನ್ನು ನೋಡುತ್ತಾರೆ, ಆಮೇಲೆ ಆ ಮನೆಯ ಆಯುಷ್ಯವಿಡೀ ಯಾರೂ ನೋಡುವುದಿಲ್ಲ. ಈಗಿನ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಗಳಲ್ಲಿ ಸಣ್ಣ ಸ್ಥಾವರಗಳ ಹೊಣೆಯನ್ನು ಮಾಲೀಕರ ಸ್ವಯಂ ದೃಢೀಕರಣಕ್ಕೆ ಬಿಡಲಾಗಿದೆ. ತನ್ನ ಮನೆಯ ತಂತಿಯ ದಪ್ಪ ಗೊತ್ತಿಲ್ಲದ ಮಾಲೀಕ ತಾನೇ ಏನನ್ನು ದೃಢೀಕರಿಸಬೇಕೋ ನನಗೆ ಅರ್ಥವಾಗಿಲ್ಲ. ಜಪಾನಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಮನೆಗಳ ವೈರಿಂಗ್ ಪರೀಕ್ಷೆ ಕಾನೂನಿನ ಪ್ರಕಾರ ನಡೆಯುತ್ತದೆ. ಇಂಗ್ಲೆಂಡಿನಲ್ಲಿ 2020ರಿಂದ ಬಾಡಿಗೆಗೆ ಕೊಡುವ ಮನೆಗಳಿಗೆ ಐದು ವರ್ಷಕ್ಕೊಮ್ಮೆ ಪರೀಕ್ಷೆ ಕಡ್ಡಾಯ, ವರದಿಯ ಪ್ರತಿಯನ್ನು ಬಾಡಿಗೆದಾರರಿಗೆ ಕೊಡಬೇಕು.

ತಪ್ಪೆಲ್ಲ ವೈರ್‌ಮನ್ನಿನದು ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ನಮ್ಮಲ್ಲಿ ವೈರಿಂಗಿಗೆ ಕೂಲಿ ಪಾಯಿಂಟಿನ ಲೆಕ್ಕ. ಒಂದು ಪಾಯಿಂಟಿಗೆ ಇಷ್ಟು ಎಂದು ಚೌಕಾಸಿ ಮಾಡಿ ಇಳಿಸುತ್ತೇವೆ. ಅವನು ಬೇಗ ಮುಗಿಸಿದಷ್ಟೂ ಅವನಿಗೆ ಗಿಟ್ಟುತ್ತದೆ. ಏಳೆಳೆಯ ತಂತಿ ಟರ್ಮಿನಲ್ಲಿನ ತೂತಿಗೆ ಹೋಗದಿದ್ದರೆ ಎರಡೆಳೆ ಕತ್ತರಿಸಿ ತೂರಿಸುತ್ತಾನೆ. ಸ್ಕ್ರೂವನ್ನು ಇನ್ನೊಂದು ಸುತ್ತು ಬಿಗಿಮಾಡಲು ಅವನಿಗೆ ದುಡ್ಡು ಕೊಟ್ಟವರಾರು? ಅಡುಗೆಮನೆಯ ಗ್ರಾನೈಟಿಗೆ, ಮುಂಬಾಗಿಲ ಕೆತ್ತನೆಗೆ ಲಕ್ಷ ಸುರಿಯುವವರು ವೈರಿಂಗಿನಲ್ಲಿ ಸಾವಿರ ಉಳಿಸಿದ್ದನ್ನು ಹೆಮ್ಮೆಯಿಂದ ಹೇಳುತ್ತಾರೆ. ಪರವಾನಗಿ ಇರುವವನನ್ನೇ ಕರೆಯಿರಿ, ಅವನು ಕೇಳಿದ್ದನ್ನು ಕೊಡಿ, ಕೊಟ್ಟ ಮೇಲೆ ಪಕ್ಕದಲ್ಲಿ ನಿಂತು ನೋಡಿ.

ಪರೀಕ್ಷೆಯೆಂದರೆ ದೊಡ್ಡ ವಿದ್ಯೆಯೇನಲ್ಲ. ಮೆಗ್ಗರ್ ಎಂಬ ಉಪಕರಣದಿಂದ 500 ವೋಲ್ಟ್ ಕೊಟ್ಟು ಹೊದಿಕೆಯ ರೋಧ ಅಳೆಯುತ್ತಾರೆ. ಒಂದು ಮೆಗಾ ಓಮಿಗಿಂತ ಕಡಿಮೆಯಿರಬಾರದು. ಅದರ ಜೊತೆಗೆ ಮೇನ್ ಆರಿಸಿ, ಪ್ರತಿ ಬೋರ್ಡು ಬಿಚ್ಚಿ, ಸ್ಕ್ರೂಗಳನ್ನು ಬಿಗಿಮಾಡಿಸಿ. ಮೆಗ್ಗರಿಗೆ ಕಾಣದ ಸಡಿಲು ಸ್ಕ್ರೂಡ್ರೈವರಿಗೆ ಸಿಗುತ್ತದೆ. ಸಾಧಾರಣ ಮನೆಗೆ ಅರ್ಧ ದಿನದ ಕೆಲಸ. ಇಷ್ಟಾಗಿಯೂ ಬೆಂಕಿ ಕಂಡರೆ ಮೊದಲು ಮೇನ್ ಆರಿಸಿ, ಆರಿಸುವ ಮುಂಚೆ ನೀರು ಎರಚಬೇಡಿ. ಮೇನ್ ಮುಟ್ಟಲಾಗದಿದ್ದರೆ ಜನರನ್ನು ಹೊರಗೆ ಕರೆತಂದು 101ಕ್ಕೋ 112ಕ್ಕೋ ಕರೆ ಮಾಡಿ, ಲೈನ್ ತೆಗೆಸಲು 1912ಕ್ಕೆ.

ಈ ಸಭೆಯಲ್ಲಿ ಮನೆ ಬಾಡಿಗೆಗೆ ಕೊಟ್ಟವರಿದ್ದೀರಿ, ಕರಾರು ಬರೆಯುವ ವಕೀಲರೂ ಇದ್ದೀರಿ. ಹನ್ನೊಂದು ತಿಂಗಳ ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯಬಾರದೆಂಬ ಸಾಲಿರುತ್ತದೆ, ಬಣ್ಣದ ಖರ್ಚು ಯಾರದೆಂಬ ಸಾಲಿರುತ್ತದೆ. ಕಾನೂನು ಬರುವ ತನಕ ಕಾಯಬೇಡಿ. ವೈರಿಂಗ್ ಪರೀಕ್ಷೆ ನಡೆದ ದಿನಾಂಕ, ಪರೀಕ್ಷಿಸಿದವರ ಪರವಾನಗಿ ಸಂಖ್ಯೆ, ಮೆಗ್ಗರ್ ತೋರಿಸಿದ ಅಂಕಿ, ಈ ಮೂರನ್ನು ನಮೂದಿಸುವ ಒಂದು ಸಾಲನ್ನು ನಿಮ್ಮ ಮುಂದಿನ ಕರಾರಿನಿಂದಲೇ ಸೇರಿಸಿ. ಬಾಡಿಗೆಗೆ ಇರುವವರು ಆ ಸಾಲು ಇಲ್ಲದ ಕರಾರಿಗೆ ಸಹಿ ಹಾಕುವ ಮುಂಚೆ ಅದನ್ನು ಕೇಳಿ ಬರೆಸಿಕೊಳ್ಳಿ.